ಸಾವನದುರ್ಗ ಯಾವ ವಿಭಾಗಕ್ಕೆ ಸೇರಿದ್ದು?

ಮಾಗಡಿಯಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಸಾವನದುರ್ಗದ ಬುಡದಲ್ಲಿ ನಿಂತು ತಲೆಯೆತ್ತಿದರೆ ಆಕಾಶದ ಅರ್ಧವನ್ನು ಬಂಡೆಯೇ ಆಕ್ರಮಿಸಿಕೊಂಡಂತೆ ಕಾಣುತ್ತದೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ. ಕರಿಗುಡ್ಡ, ಬಿಳಿಗುಡ್ಡ ಎಂದು ಜನ ಅದರ ಎರಡು ಭಾಗಗಳನ್ನು ಕರೆಯುತ್ತಾರೆ. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿಯ ಗುಡಿಗಳಿವೆ. ಹಜ್ರತ್ ಸೈಯದ್ ಗುಲಾಮ್ ಖಾದ್ರಿ ಅವರ ಮಜಾರ್ ಇದೆ. ಮೇಲೆ ಹಳೆಯ ಕೋಟೆಯ ಅವಶೇಷಗಳು. ಬೆಟ್ಟ ಹತ್ತಲು ಬೆಂಗಳೂರಿನಿಂದ ಬರುವ ಯುವಕರೂ ಹರಕೆ ತೀರಿಸಲು ಬರುವ ಹಳ್ಳಿಗರೂ ಒಂದೇ ದಾರಿಯಲ್ಲಿ ಎದುರಾಗುತ್ತಾರೆ.

ಈಚೆಗೆ ನಾವು ಕೆಲವರು ಅಲ್ಲಿಗೆ ಹೋಗಿದ್ದಾಗ ಜೊತೆಯಲ್ಲಿ ಬಿ.ಎ. ಮುಗಿಸಿದ ಒಬ್ಬ ಹುಡುಗಿಯಿದ್ದಳು. ಅವಳ ತಂದೆ ಚನ್ನಪಟ್ಟಣದಲ್ಲಿ ಆಟಿಕೆ ಕಡೆಯುವ ಕೆಲಸಗಾರರು. ಮನೆಯಲ್ಲಿ ಪದವಿ ಪಡೆದ ಮೊದಲಿಗಳು ಅವಳು. ಬೆಟ್ಟವನ್ನೇ ದಿಟ್ಟಿಸುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು: 'ಸರ್, ಈ ಬೆಟ್ಟದ ಬಗ್ಗೆ ಓದಬೇಕು ಅಂದ್ರೆ ಯಾವ ಡಿಪಾರ್ಟ್‌ಮೆಂಟಿಗೆ ಅರ್ಜಿ ಹಾಕ್ಬೇಕು?' ನಾವು ನಕ್ಕೆವು. ಆಮೇಲೆ ಉತ್ತರ ಹೊಳೆಯದೆ ಸುಮ್ಮನಾದೆವು. ಭೂವಿಜ್ಞಾನಕ್ಕೋ, ಇತಿಹಾಸಕ್ಕೋ, ಜಾನಪದಕ್ಕೋ, ಸಸ್ಯಶಾಸ್ತ್ರಕ್ಕೋ? ಯಾವುದಕ್ಕೆ ಸೇರಿದರೂ ಬೆಟ್ಟದ ಒಂದು ಚೂರು ಮಾತ್ರ ಅವಳ ಕೈಗೆ ಸಿಗುತ್ತದೆ. ಉಳಿದದ್ದು 'ಅದು ನಮ್ಮ ವಿಷಯವಲ್ಲ' ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ.

ಇಂತಹ ಪ್ರಶ್ನೆಗೆ ಬೇರೆಡೆ ಉತ್ತರ ಹುಡುಕಿದವರಿದ್ದಾರೆ. ಅಮೆರಿಕದ ಬಾಸ್ಟನ್‌ನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ 'ವಿಮರ್ಶಾತ್ಮಕ ಮತ್ತು ಸೃಜನಶೀಲ ಚಿಂತನೆ' ಎಂಬ ಹೆಸರಿನಲ್ಲೇ ಒಂದು ಅಂತರ್‌ಶಿಸ್ತೀಯ ಸ್ನಾತಕೋತ್ತರ ಪದವಿ ದಶಕಗಳ ಕಾಲ ನಡೆದು ಬಂತು. ಅಲ್ಲಿಗೆ ಬಂದವರಲ್ಲಿ ಹಲವರು ಶಾಲಾ ಶಿಕ್ಷಕರು, ಬೇರೆ ಬೇರೆ ವೃತ್ತಿಗಳಲ್ಲಿ ಕೆಲವು ವರ್ಷ ದುಡಿದವರು. ಅವರು ತಮ್ಮ ಕೆಲಸದೊಳಗಿನ ಒಂದು ಪ್ರಶ್ನೆಯನ್ನು ಹಿಡಿದು, ಅದಕ್ಕೆ ಬೇಕಾದ ಶಾಸ್ತ್ರಗಳ ಬಾಗಿಲು ತಟ್ಟಿ, ಕೊನೆಗೆ ಒಂದು ಸಮನ್ವಯ ಪ್ರಬಂಧ ಬರೆಯುತ್ತಿದ್ದರು. ಅದನ್ನು ಬಹುಕಾಲ ನಡೆಸಿದ ಪೀಟರ್ ಟೇಲರ್ ಪರಿಸರ ವಿಜ್ಞಾನದಿಂದ ಬಂದವರು. ಸಂಶೋಧನೆಯ ದಾರಿಯ ಬಗ್ಗೆ 2012ರಲ್ಲಿ ಅವರು ಜೆರೆಮಿ ಜೈಟರ್ ಜೊತೆ ಬರೆದ ಪುಸ್ತಕದ ಹೆಸರು, 'ನಿಮ್ಮನ್ನು ನೀವು ಗಂಭೀರವಾಗಿ ಪರಿಗಣಿಸುವುದು' ಎಂಬ ಅರ್ಥದ್ದು. ವಿಷಯಕ್ಕಿಂತ ಮೊದಲು ಪ್ರಶ್ನೆ, ಪ್ರಶ್ನೆಗಿಂತ ಮೊದಲು ಅದನ್ನು ಕೇಳುವವರು ಎಂಬ ನಿಲುವು ಆ ಹೆಸರಿನಲ್ಲೇ ಇದೆ.

ನಮ್ಮಲ್ಲೂ ಇಂತಹ ಆಸೆ ಚಿಗುರಿದ್ದುಂಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಹುಶಿಸ್ತೀಯ ಕಲಿಕೆಯನ್ನೂ ವಿಮರ್ಶಾತ್ಮಕ ಚಿಂತನೆಯನ್ನೂ ಪದೇ ಪದೇ ಹೇಳಿತು. 2021ರಲ್ಲಿ ಅದನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. ವಿಜ್ಞಾನದವರು ಕಲೆಯ ವಿಷಯ, ಕಲೆಯವರು ವಾಣಿಜ್ಯದ ವಿಷಯ ಓದಲು 'ಮುಕ್ತ ಆಯ್ಕೆ' ಎಂಬ ಪತ್ರಿಕೆಗಳು ಬಂದವು. ಮೂರೇ ವರ್ಷದಲ್ಲಿ, 2024ರ ಮೇ ತಿಂಗಳಲ್ಲಿ, ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ರಾಜ್ಯಕ್ಕೇ ಪ್ರತ್ಯೇಕ ನೀತಿ ರೂಪಿಸಲು ನೇಮಕವಾದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು. ಈ ಬರುಹೋಗುಗಳ ರಾಜಕೀಯ ಇಲ್ಲಿ ನಮ್ಮ ಚರ್ಚೆಯಲ್ಲ. ಆ ಮೂರು ವರ್ಷಗಳಲ್ಲಿ ತರಗತಿಯೊಳಗೆ ಏನಾಯಿತು ಎಂಬುದು ಮುಖ್ಯ.

ನಾವು ಹತ್ತಿರದಿಂದ ಕಂಡ ಒಂದು ಕಾಲೇಜಿನಲ್ಲಿ ಮುಕ್ತ ಆಯ್ಕೆ ಎಂದರೆ ಯಾವ ಮೇಷ್ಟರಿಗೆ ಪಾಠದ ಅವಧಿ ಕಡಿಮೆ ಬಿದ್ದಿದೆಯೋ ಅವರ ವಿಷಯ ಎಂದೇ ಅರ್ಥವಾಗಿತ್ತು. ವಿದ್ಯಾರ್ಥಿಗೆ ಆಯ್ಕೆಯೂ ಇರಲಿಲ್ಲ, ಮುಕ್ತಿಯೂ ಇರಲಿಲ್ಲ. ಭೌತಶಾಸ್ತ್ರದ ಹುಡುಗ ಸೋಮವಾರ ಕನ್ನಡ ನಾಟಕದ ಟಿಪ್ಪಣಿ ಬರೆದುಕೊಂಡ, ಮಂಗಳವಾರ ಬೆಳಕಿನ ವಕ್ರೀಭವನ ಓದಿದ. ಎರಡೂ ಅವನ ತಲೆಯಲ್ಲಿ ಒಂದನ್ನೊಂದು ಮಾತಾಡಿಸಲೇ ಇಲ್ಲ. ಸಂತೆಯಲ್ಲಿ ಹತ್ತು ಅಂಗಡಿ ಸುತ್ತಿ ತುಂಬಿಸಿಕೊಂಡ ಚೀಲವನ್ನು ಅಡುಗೆ ಎನ್ನಲಾಗದು. ಬಹುಶಿಸ್ತು ಮತ್ತು ಅಂತರ್‌ಶಿಸ್ತು ಎಂಬ ಮಾತುಗಳನ್ನು ನಾವು ಒಂದೇ ಎಂಬಂತೆ ಬಳಸುತ್ತೇವೆ. ಆದರೆ ಹಲವು ವಿಷಯಗಳನ್ನು ಓದುವುದು ಬೇರೆ, ಒಂದು ಪ್ರಶ್ನೆಯ ಮುಂದೆ ಹಲವು ವಿಷಯಗಳನ್ನು ಸಾಕ್ಷಿಗೆ ಕರೆಯುವುದು ಬೇರೆ.

ಈ ಎರಡನೆಯದು ಹೇಗಿರಬಹುದು ಎಂಬುದಕ್ಕೆ ಸಾವನದುರ್ಗವನ್ನೇ ಪಠ್ಯವಾಗಿ ಹಿಡಿಯೋಣ.

ಮೊದಲು ಹೆಸರು. 'ಸಾವಿನ ದುರ್ಗ'ವೇ ಸಾವನದುರ್ಗವಾಯಿತು ಎಂದು ಹೇಳುವವರು ಬಹಳ. ಬಂಡೆಯ ಕಡಿದಾದ ಇಳಿಜಾರನ್ನು ಕಂಡವರಿಗೆ ಇದು ಸರಿಯೆಂದೇ ತೋರುತ್ತದೆ. ಆದರೆ 1340ರ, ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ ಮಾಡಬಾಳಿನ ದಾಖಲೆಯಲ್ಲಿ ಈ ಸ್ಥಳದ ಹೆಸರು 'ಸಾವಂದಿ' ಎಂದಿದೆ. ವೀರಭದ್ರನ ಹೆಸರಿನೊಂದಿಗೆ ಆ ಸಾವಂದಿ ಇಂದಿಗೂ ಉಳಿದಿದೆ. ವಿಜಯನಗರದ ಅಚ್ಯುತರಾಯನ ಅಧಿಕಾರಿ ಸಾಮಂತರಾಯನಿಂದ 'ಸಾಮಂತದುರ್ಗ' ಬಂತೆಂಬ ಇನ್ನೊಂದು ವಾದಕ್ಕೆ ಶಾಸನದ ಆಧಾರವಿಲ್ಲ. ವಿಮರ್ಶಾತ್ಮಕ ಚಿಂತನೆಯ ಮೊದಲ ಪಾಠ ಇಷ್ಟೇ: ಕಿವಿಗೆ ಹಿತವಾದದ್ದೆಲ್ಲ ನಿಜವಲ್ಲ, ದಾಖಲೆ ಕೇಳು.

ಅಲ್ಲಿಗೇ ನಿಂತರೆ ಪಾಠ ಅರ್ಧವಾಗುತ್ತದೆ. 'ಸಾವಿನ ದುರ್ಗ' ಎಂಬ ಕಥೆ ಸುಳ್ಳಾದರೆ ಜನಕ್ಕೆ ಅದು ಏಕೆ ಬೇಕಾಯಿತು? ಮಾಗಡಿಯ ಕೆಂಪೇಗೌಡರ ವಂಶದ ಕೈಯಲ್ಲಿದ್ದ ಕೋಟೆ 1728ರಲ್ಲಿ ಮೈಸೂರಿನ ವಶವಾಯಿತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಟಿಪ್ಪು ಸುಲ್ತಾನನ ಪಡೆಯಿಂದ ಕಿತ್ತುಕೊಂಡಿತು. ಇದು ಜ್ವರದ ಸೀಮೆ, ಸಾವಿನ ಜಾಗ ಎಂದು ಇಂಗ್ಲಿಷರು ಬರೆದರು. ಅವರ ಸೈನ್ಯದ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಮೈಸೂರು ನೋಟಗಳಲ್ಲಿ ಸಾವನದುರ್ಗವೂ ಇದೆ. ಆ ಚಿತ್ರ ಬರೀ ಪ್ರಕೃತಿಸೌಂದರ್ಯವಲ್ಲ. ಗೆದ್ದವರು ತಮ್ಮ ಗೆಲುವನ್ನು ತಮ್ಮ ದೇಶದವರಿಗೆ ತೋರಿಸಿಕೊಂಡ ಬಗೆಯೂ ಹೌದು. ಬೆಟ್ಟ ಎಷ್ಟು ಭಯಂಕರವಾದರೆ ಗೆದ್ದವನ ಸಾಹಸ ಅಷ್ಟು ದೊಡ್ಡದು. ಶಾಸನ ಓದಬಲ್ಲವರು, ಚಿತ್ರ ನೋಡಬಲ್ಲವರು, ಜನರ ಮಾತಿಗೆ ಕಿವಿಗೊಡಬಲ್ಲವರು, ಮೂವರೂ ಒಂದೇ ಮೇಜಿನ ಸುತ್ತ ಕುಳಿತಾಗ ಮಾತ್ರ ಈ ಹೆಸರಿನ ಕಥೆ ಪೂರ್ತಿಯಾಗುತ್ತದೆ.

ಎರಡನೆಯದು ಕಲ್ಲು. ಬಳ್ಳಾರಿಯ ಕಡೆಯಿಂದ ಕನಕಪುರದ ಕಡೆಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ, ಸುಮಾರು 250 ಕೋಟಿ ವರ್ಷ ಹಳೆಯದಾದ ಗ್ರಾನೈಟ್ ಪಟ್ಟಿಯ ಭಾಗ ಇದು. ಭೂವಿಜ್ಞಾನಿಗಳು ಇದನ್ನು ಇಂದಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ರಾಮನಗರ. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರು. ಅದಕ್ಕೆ ಮೊದಲು, ಟಿಪ್ಪುವಿನ ಕಾಲದಲ್ಲಿ ಅದು ಶಂಶೇರಾಬಾದ್. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಊರಿನ ಹೆಸರು ಅಧಿಕಾರ ಬದಲಾದಾಗಲೆಲ್ಲ ಬದಲಾಯಿತು, ಕಲ್ಲಿನ ಹೆಸರು ಮಾತ್ರ ರೆಸಿಡೆಂಟನ ಬಳಿಯೇ ಉಳಿಯಿತು. ಭೂವಿಜ್ಞಾನದ ಪಠ್ಯಪುಸ್ತಕ ಈ ಸಂಗತಿಯನ್ನು ಗಮನಿಸುವುದಿಲ್ಲ. ಹೆಸರು ಬದಲಾವಣೆಯ ಬಗ್ಗೆ ಬೀದಿಯಲ್ಲಿ ಜಗಳವಾಡುವವರಿಗೆ 250 ಕೋಟಿ ವರ್ಷದ ಅರಿವಿರುವುದಿಲ್ಲ.

ಮೂರನೆಯ ಸಂಗತಿ ನಮ್ಮನ್ನು ಹೆಚ್ಚು ಕಾಡಿದ್ದು. ಇ.ಎಂ. ಫಾರ್ಸ್ಟರ್‌ನ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿ ಪ್ರಕಟವಾದದ್ದು 1924ರಲ್ಲಿ. ಅದರ ನಡುಭಾಗದಲ್ಲಿ ಬರುವ ಮರಾಬಾರ್ ಗುಹೆಗಳಿಗೆ ಮೂಲ ಬಿಹಾರದ ಗಯಾ ಸಮೀಪದ ಬರಾಬರ್ ಗುಹೆಗಳು. ಡೇವಿಡ್ ಲೀನ್ ಇದನ್ನು 1984ರಲ್ಲಿ ಚಲನಚಿತ್ರವಾಗಿಸಿದಾಗ ಬರಾಬರ್ ಅವನಿಗೆ ಹಿಡಿಸಲಿಲ್ಲ. ಅವನು ಮರಾಬಾರ್ ಆಗಿಸಿದ್ದು ನಮ್ಮ ಸಾವನದುರ್ಗ ಮತ್ತು ರಾಮದೇವರಬೆಟ್ಟವನ್ನು. ಗುಹೆಗಳ ಬಾಯಿಗಳನ್ನು ಬಂಡೆಯಲ್ಲಿ ಕೊರೆಸಲಾಯಿತು. ಅಂದರೆ ಜಗತ್ತಿನ ಲಕ್ಷಾಂತರ ಪ್ರೇಕ್ಷಕರು ನೋಡಿದ ಆ ಗುಹೆಗಳು ಅಲ್ಲಿ ಇರಲೇ ಇಲ್ಲ.

ಆ ಇಲ್ಲದ ಗುಹೆಯೊಳಗೆ ನಡೆಯದ ಒಂದು ಘಟನೆಗಾಗಿ ಒಬ್ಬ ಮುಸ್ಲಿಂ ವೈದ್ಯ ಜೈಲಿಗೆ ಹೋಗುತ್ತಾನೆ. ಇಂಗ್ಲಿಷ್ ಮಹಿಳೆಯರನ್ನು ಆದರದಿಂದ ಗುಹೆ ತೋರಿಸಲು ಕರೆದೊಯ್ದ ಡಾ. ಅಜೀಜ್‌ನ ಮೇಲೆ ಅಡೆಲಾ ಎಂಬಾಕೆಯ ಮೈಮೇಲೆ ಬಿದ್ದನೆಂಬ ಆರೋಪ ಬರುತ್ತದೆ. ವಿಚಾರಣೆಗೆ ಮೊದಲೇ ಇಂಗ್ಲಿಷರ ಕ್ಲಬ್ಬು ತೀರ್ಪು ಕೊಟ್ಟಾಗಿರುತ್ತದೆ. 'ಇವರ ಜನವೇ ಹೀಗೆ' ಎಂಬ ಭಾವನೆ ಇದ್ದ ಮೇಲೆ ಸಾಕ್ಷಿ ಯಾರಿಗೆ ಬೇಕು? ಅವನ ಪರ ನಿಂತ ಇಂಗ್ಲಿಷನೆಂದರೆ ಸ್ಥಳೀಯ ಕಾಲೇಜಿನ ಪ್ರಿನ್ಸಿಪಾಲ್ ಫೀಲ್ಡಿಂಗ್. ಅವನು ಕ್ಲಬ್ಬನ್ನೇ ತೊರೆಯುತ್ತಾನೆ. ಕೊನೆಗೆ ಕಟಕಟೆಯಲ್ಲಿ ನಿಂತ ಅಡೆಲಾ ತನಗೆ ಖಚಿತವಿಲ್ಲವೆಂದು ಅರಿತು ಆರೋಪವನ್ನು ಹಿಂತೆಗೆದುಕೊಳ್ಳುತ್ತಾಳೆ. ತನ್ನವರೆಲ್ಲ ತಿರುಗಿಬೀಳುತ್ತಾರೆಂದು ಗೊತ್ತಿದ್ದೂ ಕಂಡದ್ದನ್ನೂ ಕಲ್ಪಿಸಿಕೊಂಡದ್ದನ್ನೂ ಬೇರ್ಪಡಿಸಿದ ಆ ಗಳಿಗೆಯನ್ನು ವಿಮರ್ಶಾತ್ಮಕ ಚಿಂತನೆ ಎನ್ನದೆ ಬೇರೇನೆನ್ನಬೇಕು?

ಆದರೆ ಫಾರ್ಸ್ಟರ್ ನಮ್ಮನ್ನು ಅಲ್ಲಿಗೆ ಬಿಡುವುದಿಲ್ಲ. ಬಿಡುಗಡೆಯಾದ ಅಜೀಜ್ ಮುಂದೆ ಗಾಳಿಮಾತನ್ನೂ ತನ್ನ ಊಹೆಯನ್ನೂ ನಂಬಿ, ಫೀಲ್ಡಿಂಗ್ ಅಡೆಲಾಳನ್ನೇ ಮದುವೆಯಾದನೆಂದು ತಿಳಿದು ಗೆಳೆಯನನ್ನು ದೂರ ಮಾಡುತ್ತಾನೆ. ಅದು ತಪ್ಪು ತಿಳಿವಳಿಕೆ. ಸಾಕ್ಷಿಯಿಲ್ಲದ ತೀರ್ಪಿಗೆ ಬಲಿಯಾದವನೇ ಇನ್ನೊಬ್ಬನ ಮೇಲೆ ಸಾಕ್ಷಿಯಿಲ್ಲದ ತೀರ್ಪು ಕೊಡುತ್ತಾನೆ. ಈ ಕಾದಂಬರಿಯನ್ನು ವಸಾಹತುಶಾಹಿಯ ಟೀಕೆಯೆಂದು ಓದುವುದು ಸುಲಭ, ಅದು ಸರಿಯೂ ಹೌದು. ಆದರೆ ನಮ್ಮಂಥವರು ಅದನ್ನು ಕನ್ನಡಿಯಾಗಿಯೂ ಓದಬೇಕು. ಪೂರ್ವಗ್ರಹಕ್ಕೆ ಗುರಿಯಾದ ಸಮುದಾಯ ತನ್ನ ಪೂರ್ವಗ್ರಹಗಳಿಂದ ತಾನಾಗಿಯೇ ಮುಕ್ತವಾಗಿರುವುದಿಲ್ಲ. ಎದುರಿನವರ ಸುಳ್ಳನ್ನು ಬಿಚ್ಚಿಡುವ ಜಾಣತನ ನಮ್ಮ ಸಭೆಗಳಲ್ಲಿ ಧಾರಾಳವಾಗಿದೆ. ನಮ್ಮ ಕಡೆಯ ಮಾತಿಗೂ ಅದೇ ತಕ್ಕಡಿ ಹಿಡಿಯುವ ಧೈರ್ಯ ಅಪರೂಪ. ಹನ್ನೊಂದನೇ ಶತಮಾನದಲ್ಲಿ ಸಂಸ್ಕೃತ ಕಲಿತು ಈ ದೇಶದ ಬಗ್ಗೆ ಬರೆದ ಅಲ್‌ಬಿರೂನಿ ತನ್ನ ಗ್ರಂಥವನ್ನು ಆರಂಭಿಸಿದ್ದೇ ಕೇಳಿದ್ದಕ್ಕೂ ಕಂಡದ್ದಕ್ಕೂ ಇರುವ ವ್ಯತ್ಯಾಸದಿಂದ. ತನ್ನ ಧರ್ಮದವರೇ ಅನ್ಯರ ಬಗ್ಗೆ ಬರೆದ ಅರೆಬೆಂದ ವರದಿಗಳನ್ನೂ ಅವನು ಬಿಡಲಿಲ್ಲ. ಆ ಪರಂಪರೆಯ ಹೆಸರು ಹೇಳಿ ಹೆಮ್ಮೆಪಡುವ ನಾವು ಅದರ ಕಷ್ಟವನ್ನೂ ಹೊರಬೇಕಲ್ಲವೇ?

ಬೆಟ್ಟದ ನಾಲ್ಕನೆಯ ಪಾಠವನ್ನು ರಣಹದ್ದುಗಳಿಂದ ಕಲಿಯಬಹುದು. ಸಮೀಪದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ದೇಶದಲ್ಲಿ ಕೋಟಿಗಟ್ಟಲೆ ಇದ್ದ ರಣಹದ್ದುಗಳು 1990ರ ದಶಕದಿಂದ ಕಾಣೆಯಾದವು, ಕೆಲವು ಜಾತಿಗಳು ಶೇ. 95ಕ್ಕೂ ಹೆಚ್ಚು. ಪಕ್ಷಿತಜ್ಞರು ರೋಗವಿರಬಹುದೆಂದು ಹುಡುಕಿದರು. ಕಾರಣ ಸಿಕ್ಕಿದ್ದು ಪಶುವೈದ್ಯದ ಔಷಧಿ ಪೆಟ್ಟಿಗೆಯಲ್ಲಿ. ದನಗಳಿಗೆ ನೋವು ನಿವಾರಿಸಲು ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ಪಾಕಿಸ್ತಾನದ ಪಂಜಾಬಿನಲ್ಲಿ ನಡೆದ ಈ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ ಆ ಔಷಧಿಯ ಪಶುಬಳಕೆಯನ್ನು ನಿಷೇಧಿಸಿತು. ಹದ್ದನ್ನು ಮಾತ್ರ ಓದಿದವರಿಗೆ ಈ ಉತ್ತರ ಸಿಗುವಂತಿರಲಿಲ್ಲ, ದನವನ್ನು ಮಾತ್ರ ಓದಿದವರಿಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅಂತರ್‌ಶಿಸ್ತು ಪಂಡಿತರ ಷೋಕಿ ಎನ್ನುವವರು ಈ ಕಥೆಯನ್ನು ನೆನೆಯಬೇಕು.

ಹಾಗೆ ನೋಡಿದರೆ ಕನ್ನಡಕ್ಕೆ ಈ ಬಗೆಯ ಓದು ಹೊಸದಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವವನ್ನು 'ಹಸುರು ಹೊನ್ನು' ಮಾಡಿದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಸ್ತಕದಲ್ಲಿ ಗಿಡದ ವರ್ಗೀಕರಣವೂ ಹಳಗನ್ನಡ ಕಾವ್ಯವೂ ಹಾಸ್ಯವೂ ಒಟ್ಟಿಗೇ ಬರುತ್ತವೆ. ತೇಜಸ್ವಿಯವರ 'ಕರ್ವಾಲೋ' 1980ರದ್ದು. ಅಲ್ಲಿ ದೊಡ್ಡ ವಿಜ್ಞಾನಿ ನಂಬಿ ನಡೆಯುವುದು ಯಾರನ್ನು? ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನನ್ನು. ಏಕೆಂದರೆ ಹಾರುವ ಓತಿಯನ್ನು ಕಂಡವನು ಅವನು. ವಿಜ್ಞಾನಿಗೆ ಹೆಸರು ಗೊತ್ತು, ಮಂದಣ್ಣನಿಗೆ ಕಾಡು ಗೊತ್ತು. ಒಬ್ಬರಿಗೊಬ್ಬರು ಬೇಕೆಂದು ಒಪ್ಪಿಕೊಂಡಾಗಲೇ ಪಯಣ ಆರಂಭ. ನಮ್ಮ ವಿಶ್ವವಿದ್ಯಾಲಯಗಳು 'ಕರ್ವಾಲೋ'ವನ್ನು ಕನ್ನಡ ವಿಭಾಗದಲ್ಲಿ ಪಾಠ ಮಾಡುತ್ತವೆ, ಪ್ರಾಣಿಶಾಸ್ತ್ರದ ವಿಭಾಗಕ್ಕೆ ಅದರ ಸುಳಿವಿಲ್ಲ. ಮಂದಣ್ಣನಿಗಂತೂ ಯಾವ ವಿಭಾಗದಲ್ಲೂ ಪ್ರವೇಶವಿಲ್ಲ.

ವಿಚಾರವನ್ನು ವಿಶ್ವವಿದ್ಯಾಲಯದ ಕೆಲಸವನ್ನಾಗಿ ಮಾಡಲು ಹೊರಟ ಇನ್ನೊಬ್ಬರು ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿದರು. ಪರಮಾಣು ಭೌತಶಾಸ್ತ್ರ ಓದಿದ, ಖಾದಿ ತೊಟ್ಟ, ಕಾಲೇಜಿನ ಹಾಸ್ಟೆಲಿನಲ್ಲೇ ಬದುಕಿದ ಆ ಗಾಂಧಿವಾದಿಯ ಧೈರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ಆದರೆ ನಮ್ಮ ತಕರಾರೂ ಒಂದಿದೆ. ಆ ಹಾದಿಯನ್ನು ಅನುಸರಿಸಿದ ನಂತರದ ವಿಚಾರವಾದಿಗಳಲ್ಲಿ ಅನೇಕರು ನಂಬಿಕೆಯನ್ನು ಪರೀಕ್ಷಿಸಿದರೇ ಹೊರತು ನಂಬುವವರ ಬದುಕನ್ನು ಕೇಳಲಿಲ್ಲ. ಸಾವನದುರ್ಗದ ಬುಡದಲ್ಲಿ ವೀರಭದ್ರನಿಗೆ ಹರಕೆ ಹೊರುವ ತಾಯಿಯ ಬಳಿಯೂ ಮಜಾರಿನೆದುರು ಕೈಯೊಡ್ಡಿ ನಿಂತ ತಾಯಿಯ ಬಳಿಯೂ ಹೋಗಿ ನಿನ್ನ ನಂಬಿಕೆಗೆ ಪುರಾವೆಯೇನು ಎಂದು ಕೇಳಿದರೆ ಅದು ಅರ್ಧ ಪ್ರಶ್ನೆ. ಮಗುವಿನ ಕಾಯಿಲೆಗೆ ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂಬುದು ಉಳಿದರ್ಧ. ಮೊದಲನೆಯದಕ್ಕೆ ವಿಮರ್ಶೆ ಸಾಕು, ಎರಡನೆಯದಕ್ಕೆ ಇನ್ನೊಬ್ಬರ ಜಾಗದಲ್ಲಿ ನಿಲ್ಲುವ ಕಲ್ಪನೆ ಬೇಕು. ಪದವಿಯ ಹೆಸರಿನಲ್ಲಿ 'ಸೃಜನಶೀಲ' ಎಂಬ ಮಾತಿಗೆ ಇರಬೇಕಾದ ಅರ್ಥ ಇದೇ.

ಈಚೆಗೆ ಈ ಮಾತುಗಳನ್ನು ಹೆಚ್ಚು ಬಳಸುತ್ತಿರುವವರು ಕಂಪನಿಗಳು. ವಿಮರ್ಶಾತ್ಮಕ ಚಿಂತನೆ ಅಲ್ಲಿ ಒಂದು ಕೌಶಲ. ಸಮಸ್ಯೆಯನ್ನು ಬೇಗ ಬಿಡಿಸಬೇಕು, ಆದರೆ ಸಮಸ್ಯೆಯನ್ನು ಒಡ್ಡಿದವರು ಯಾರೆಂದು ಕೇಳಬಾರದು. ಇಂತಹ ಚಿಂತನೆಯನ್ನು ಭಾರಿ ಶುಲ್ಕ ತೆತ್ತು ಕಲಿಯುವವರು ಕಲಿಯಲಿ. ಅದು ನಮ್ಮ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರವಲ್ಲ.

ಅವಳ ಎದುರಿರುವ ನಿಜವಾದ ಗೋಡೆ ಬೇರೆ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರಾಗಲು ಆಯಾ ವಿಷಯದಲ್ಲಿ ಅಥವಾ ಅದಕ್ಕೆ ಹೊಂದಿಕೊಂಡ ವಿಷಯದಲ್ಲಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿ ಬೇಕು. ಪದವಿಪೂರ್ವ ಕಾಲೇಜಿನ ಉಪನ್ಯಾಸಕಿಯಾಗಲೂ ನಿರ್ದಿಷ್ಟ ವಿಷಯದ ಸ್ನಾತಕೋತ್ತರ ಪದವಿಯೇ ಬೇಕು. ನೆಟ್ ಪರೀಕ್ಷೆಯ ವಿಷಯಪಟ್ಟಿಯಲ್ಲಿ 'ವಿಮರ್ಶಾತ್ಮಕ ಮತ್ತು ಸೃಜನಶೀಲ ಚಿಂತನೆ' ಎಂಬುದಿಲ್ಲ. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ಈ ಬೇಲಿಯನ್ನು ಸ್ವಲ್ಪ ಸಡಿಲಿಸುವ ಮಾತಾಡಿತು. ಕರಡನ್ನು ನಂಬಿ ಎರಡು ವರ್ಷ ಕಳೆಯುವಷ್ಟು ಅನುಕೂಲ ಅವಳ ಮನೆಯಲ್ಲಿಲ್ಲ. ಉಳ್ಳವರ ಮಗ ಬೇಲಿ ದಾಟಿದರೆ 'ಪ್ರಯೋಗಶೀಲ' ಎನಿಸಿಕೊಳ್ಳುತ್ತಾನೆ. ಕೆಲಸಗಾರನ ಮಗಳು ದಾಟಿದರೆ ಅರ್ಜಿಯ ಮೊದಲ ಹಂತದಲ್ಲೇ ಅನರ್ಹಳು. ಹಾಗಾಗಿ ಅವಳಿಗೆ 'ಮನಸ್ಸಿಗೆ ಬಂದದ್ದು ಓದಮ್ಮ' ಎಂದು ಹೇಳಿ ಕಳಿಸುವುದು ಉದಾರತನದಂತೆ ಕಂಡರೂ ಬೇಜವಾಬ್ದಾರಿ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಹೊಸ ನೀತಿ ಯಾವುದೇ ಬರಲಿ, ವಿಷಯಗಳ ಪಟ್ಟಿ ಉದ್ದವಾಗಿಸುವ ಬದಲು ಪ್ರತಿ ಸ್ನಾತಕೋತ್ತರ ವಿದ್ಯಾರ್ಥಿಯೂ ತನ್ನ ಸೀಮೆಯ ಒಂದು ಪ್ರಶ್ನೆಯನ್ನು ಕನಿಷ್ಠ ಎರಡು ವಿಭಾಗಗಳ ಮಾರ್ಗದರ್ಶನದಲ್ಲಿ ಅಧ್ಯಯನ ಮಾಡುವಂತಾಗಲಿ. ಅದನ್ನು ಕನ್ನಡದಲ್ಲಿ ಬರೆಯುವ ಹಕ್ಕಿರಲಿ. ಸಾಕ್ಷಿ ಹೇಳುವವರಲ್ಲಿ ಕುರಿಗಾಹಿಯೂ ಮರ ಕಡೆಯುವವನೂ ಸೇರಲಿ. ಮತ್ತು ಇಂತಹ ಪದವಿ ತೆರೆಯುವ ಮೊದಲು ಅದು ಯಾವ ಯಾವ ಹುದ್ದೆಗೆ ಅರ್ಹ ಎಂದು ಸರ್ಕಾರ ಆದೇಶದಲ್ಲಿ ಬರೆದುಕೊಡಲಿ.

ಬೆಟ್ಟದಿಂದ ಮರಳುವಾಗ ಆ ಹುಡುಗಿ ತನ್ನ ತಂದೆಯ ಕೆಲಸದ ಬಗ್ಗೆ ಹೇಳಿದಳು. ಆಲೆ ಮರ ಎಷ್ಟು ದಿನ ಒಣಗಬೇಕು, ಅರಗು ಯಾವ ಬಿಸಿಗೆ ಹಿಡಿಯುತ್ತದೆ, ಎಳೆ ಮಗು ಬಾಯಿಗಿಟ್ಟರೆ ಯಾವ ಬಣ್ಣ ಅಪಾಯ, ದಲ್ಲಾಳಿ ಎಷ್ಟಕ್ಕೆ ಕೊಳ್ಳುತ್ತಾನೆ: ಇವೆಲ್ಲ ಅವರಿಗೆ ಒಂದೇ ಕೆಲಸದ ಭಾಗಗಳು. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬ ಮಾತು ಚನ್ನಪಟ್ಟಣದಲ್ಲಿ ಎಲ್ಲರ ಬಾಯಲ್ಲಿದೆ. 'ಅದು ನಿಜವೋ ಕಥೆಯೋ ನೋಡಬೇಕು ಸರ್' ಎಂದಳು. ನಾವು ಯಾರೂ ಹೇಳಿಕೊಡದೆ ಅವಳು ಆಗಲೇ ಶುರು ಮಾಡಿದ್ದಳು. ಅವಳ ಅರ್ಜಿಯನ್ನು ತೆಗೆದುಕೊಳ್ಳುವ ವಿಭಾಗ ಯಾವುದು ಎಂಬ ಪ್ರಶ್ನೆ ಮಾತ್ರ ಈಗ ಅವಳದಲ್ಲ, ನಮ್ಮ ವಿಶ್ವವಿದ್ಯಾಲಯಗಳದ್ದು.